ಬಣ್ಣದ ಪೆಟ್ಟಿಗೆ ಇಲ್ಲದಿದ್ದರೇನು, ಅಕ್ಕಿ ಹುರಿದರೆ ಕಪ್ಪು!

ಸಾಗರ: ಡ್ರಾಯಿಂಗ್ ಪೀರಿಯಡ್ ಅಂದರೆ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಲೆಕ್ಕದ ಹೋಂವರ್ಕ್ ಮುಗಿಸಿಕೊಳ್ಳುವ ಹೊತ್ತು. ಆದರೆ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಈಗ ಆ ಪೀರಿಯಡ್ ಮುಗಿದರೆ ಕೈ ತೊಳೆಯಲು ನಲ್ಲಿ ಮುಂದೆ ಕ್ಯೂ! ಕೈಗೆ ಮೆತ್ತಿದ್ದು ಅಂಗಡಿ ಬಣ್ಣವಲ್ಲ. ಕೆಮ್ಮಣ್ಣು, ಅರಿಶಿನ, ಇದ್ದಿಲು, ಬಸಳೆ ಹಣ್ಣಿನ ರಸ.

ಇಷ್ಟಕ್ಕೆಲ್ಲ ಕಾರಣ 12 ಸೀಸೆಗಳ ಒಂದು ಪೋಸ್ಟರ್ ಕಲರ್ ಪೆಟ್ಟಿಗೆ. 'ಮುಂದಿನ ವಾರ ಎಲ್ಲರೂ ತರಬೇಕು' ಎಂದು ಡ್ರಾಯಿಂಗ್ ಮೇಷ್ಟ್ರು ಮಳೆಗಾಲದ ಶುರುವಿನಲ್ಲಿ ಅಪ್ಪಣೆ ಕೊಡಿಸಿದ್ದರು. ತಂದವರು ನಾಲ್ಕೈದು ಜನ. ತರದವರಲ್ಲಿ 9ನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, 'ಅಡಿಕೆ ಕೊಯ್ಲು ಶುರುವಾದ ಮೇಲೆ ತಂದ್ರೆ ಆಗ್ತದಾ ಸಾರ್?' ಅಂದಳು. ಅಪ್ಪ ಕೊನೆ ಕೊಯ್ಯುವ ಆಳು. ಮಳೆ ನಿಲ್ಲುವ ತನಕ ಕೈಯಲ್ಲಿ ಕಾಸಿಲ್ಲ. ಮೇಷ್ಟ್ರಿಗೆ ಏನನ್ನಿಸಿತೋ, 'ಪೆಟ್ಟಿಗೆ ಬೇಡ ಬಿಡು, ಮನೇಲಿ ಏನಿದೆಯೋ ಅದನ್ನೇ ತಗೊಂಡು ಬಾ' ಎಂದುಬಿಟ್ಟರು.

ಇರುವೆಗಳಿಗೆ ಹಬ್ಬ

ಹುಡುಗಿಯ ಮೊದಲ ಚಿತ್ರ ಜೋಗದ ಗುಂಡಿ. ಬಂಡೆಗೆಲ್ಲ ಬೆಳಗ್ಗೆ ಉಳಿದ ಬೆಲ್ಲದ ಕಾಫಿ ಬಳಿದಳು. ಬಣ್ಣವೇನೋ ಚೆನ್ನಾಗಿ ಬಂತು. ರಾತ್ರಿ ಕಳೆಯುವುದರೊಳಗೆ ಬಂಡೆಯ ತುಂಬ ಇರುವೆ! ಎರಡನೆಯದು ಅರಿಶಿನದ ಸೂರ್ಯ. ಸೋಪಿನ ನೀರು ಸಿಡಿದು ಸೂರ್ಯನಿಗೆ ಕೆಂಪು ಚುಕ್ಕೆ ಎದ್ದವು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವ ಗುಟ್ಟೇ ಇದು ಎಂದು ವಿಜ್ಞಾನದ ಟೀಚರು ಅದನ್ನೇ ಪಾಠ ಮಾಡಿದರಂತೆ. ಕಿಟಕಿ ಪಕ್ಕ ಅಂಟಿಸಿದ ಆ ಸೂರ್ಯ ಬಿಸಿಲಿಗೇ ಬಿಳಿಚಿಕೊಂಡ.

ಕೆಮ್ಮಣ್ಣನ್ನು ಬರೀ ನೀರಲ್ಲಿ ಕಲಸಿ ಬಳಿದಿದ್ದಾಯಿತು. ಒಣಗಿದ ಮೇಲೆ ಹಾಳೆ ಅಲ್ಲಾಡಿಸಿದರೆ ಚಿತ್ರವೆಲ್ಲ ನೆಲಕ್ಕೆ! ಅಂಟಿರಲಿ ಎಂದು ಹಲಸಿನ ಮೇಣ ಸೇರಿಸಿದ್ದಕ್ಕೆ ಬ್ರಷ್ಷೂ ಹೋಯಿತು. ಬೆರಳಿನ ಮೇಣ ಬಿಡಿಸಲು ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಖರ್ಚು. ಮನೆಯಲ್ಲಿ ಬೈಗುಳದ ಸುರಿಮಳೆ.

ಅಜ್ಜಿ ನಕ್ಕಿತು

ಈ ಅವಾಂತರವನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಜ್ಜಿ ಕೊನೆಗೆ ಬಾಯಿಬಿಟ್ಟಿತು. 'ಮಣ್ಣು ಕಲಸಿದ್ ಕೂಡ್ಲೇ ಬಣ್ಣ ಆಗ್ತದೇನೆ? ನೆನೆಸ್ಬೇಕು, ಸೋಸ್ಬೇಕು, ತಳ ಕೂರಿಸ್ಬೇಕು.'

ಇವರದು ದೀವರ ಮನೆ. ಮದುವೆ ಬಂದರೆ ಗೋಡೆಗೆ ಕೆಮ್ಮಣ್ಣು ಸಾರಿಸಿ ಹಸೆ ಚಿತ್ತಾರ ಬರೆಯುವುದು, ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ತುಂಬುವುದು ಈ ಹೆಂಗಸರ ಕೈಕಸುಬು. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ. ಕಪ್ಪಿಗೆ ಕರಿಯಾಗುವ ತನಕ ಹುರಿದ ಅದೇ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ಅಂಗಡಿಗೆ ಕೊಡುವುದು ಒಂದು ಕಾಸೂ ಇಲ್ಲ.

'ಮೊದಲೇ ಯಾಕೆ ಹೇಳ್ಲಿಲ್ಲ ಅಜ್ಜಿ?' ಎಂದು ಹುಡುಗಿ ರೇಗಿದರೆ, 'ನೀನೆಲ್ಲಿ ಕೇಳಿದ್ದೆ?' ಎಂಬ ಉತ್ತರ ಬಂತು.

ಗೋಡೆಯ ವಿದ್ಯೆ ಹಾಳೆಗೆ ಸಲೀಸಾಗಿ ಒಗ್ಗಲಿಲ್ಲ. ಒದ್ದೆಗೆ ಹಾಳೆ ಹಪ್ಪಳದಂತೆ ಸುರುಟಿತು. ರಟ್ಟಿಗೆ ಅಂಟಿಸಿ, ಮಣ್ಣಿಗೆ ಗೇರುಮರದ ಗೋಂದು ಬೆರೆಸಿದ ಮೇಲೆ ನೆಟ್ಟಗಾಯಿತು. ಸಾಗರದ ಮಳೆಗೆ ಅಕ್ಕಿಯ ಬಿಳಿ ಬೂಷ್ಟು ಹಿಡಿಯಿತು. ರಟ್ಟನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಿದಳು. ಬೂಷ್ಟು ನಿಂತಿತು, ಹೊಗೆ ಹಿಡಿದು ಬಿಳಿ ಕಂದಾಯಿತು. ಒಂದು ಎಳೆ ನೆಟ್ಟಗೆ ಎಳೆಯುವುದಕ್ಕೇ ಹದಿನೈದು ದಿನ ಬೇಕಾಯಿತು.

ಬಡವರ ಬಣ್ಣವೇ?

ಇದೇನು ಗತಿಯಿಲ್ಲದವರ ಬಣ್ಣ ಎಂದು ಮೂಗು ಮುರಿಯುವವರು ಸ್ವಲ್ಪ ನಿಲ್ಲಬೇಕು. ಅಜಂತಾ ಗುಹೆಯ ಕೆಂಪು, ಹಳದಿ ಎಲ್ಲ ಮಣ್ಣಿನದೇ. ಅಲ್ಲಿನ ಕಪ್ಪು ದೀಪದ ಮಸಿ. ಮೈಸೂರು ಶೈಲಿಯ ಚಿತ್ರಗಾರರು ಮೊದಲ ಗೆರೆ ಹಾಕುತ್ತಿದ್ದುದು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ. ಬಂಗಾಳದ ಜಾಮಿನಿ ರಾಯ್ ವಿದೇಶಿ ಬಣ್ಣ ಬಿಟ್ಟು ಮಣ್ಣು, ಮಸಿ ಹಿಡಿದು, ಅದಕ್ಕೆ ಹುಣಸೆ ಬೀಜದ ಅಂಟು ಸೇರಿಸಿಯೇ ದೊಡ್ಡ ಹೆಸರು ಮಾಡಿದರು. 1954ರಲ್ಲಿ ಅವರಿಗೆ ಪದ್ಮಭೂಷಣವೂ ಬಂತು.

ಆದರೆ ನಮ್ಮ ಹುಡುಗಿಗೆ ಬಂದದ್ದೇನು? ಸ್ಪರ್ಧೆಯೊಂದಕ್ಕೆ ರಟ್ಟು ಹೊತ್ತು ಹೋಗಿದ್ದಳು. ತೀರ್ಪುಗಾರರೊಬ್ಬರು 'ಇದು ಯಾವ ಕಲರಮ್ಮ?' ಎಂದರು. 'ಅಕ್ಕಿ ಸಾರ್' ಎಂದಳು. ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಬಹುಮಾನ ಪೆಟ್ಟಿಗೆ ತಂದವರ ಪಾಲಾಯಿತು. ಬಸ್ಸಿನಲ್ಲಿ ಊರು ಬರುವ ತನಕ ಹುಡುಗಿ ಮಾತಾಡಲಿಲ್ಲವಂತೆ.

ಮರುದಿನ ಕ್ಲಾಸಿನ ಹುಡುಗರೇ, 'ಕಪ್ಪು ಹೆಂಗೆ ಮಾಡೋದು ಹೇಳ್ಕೊಡೆ' ಎಂದು ಸುತ್ತುವರಿದರು. ನಲ್ಲಿ ಮುಂದೆ ಕ್ಯೂ ಶುರುವಾದದ್ದು ಅಂದಿನಿಂದ.

ಗೋಡೆ ಬೀಳುವ ಮುಂಚೆ

ಈಗ ಹುಡುಗಿಗೆ ಬೇರೊಂದು ಆತುರ. ಬರುವ ಬೇಸಿಗೆಯಲ್ಲಿ ಮನೆಯ ಮಣ್ಣಿನ ಗೋಡೆ ಕೆಡವಿ ಸಿಮೆಂಟಿನದು ಕಟ್ಟುತ್ತಾರೆ. ಅಪ್ಪನ ಮದುವೆಗೆ ಅಜ್ಜಿ ಬರೆದ ಚಿತ್ತಾರ ಆ ಗೋಡೆಯಲ್ಲೇ ಇದೆ, ಅರ್ಧ ಮಾಸಿದೆ. ಅಜ್ಜಿಯ ಕೈ ನಡುಗುತ್ತದೆ, ಕಣ್ಣು ಮಂಜು. ಗುರಿಗೆ ಕಾಯಿ ಹುಡುಕಿಕೊಂಡು ಕಾಡು ಅಲೆಯಬೇಕು. ದಿನಾ ಸಂಜೆ ಹುಡುಗಿ ಗೋಡೆ ಎದುರು ಕೂತು ಎಳೆ ಎಳೆಯಾಗಿ ರಟ್ಟಿಗೆ ಇಳಿಸುತ್ತಿದ್ದಾಳೆ. ಅಜ್ಜಿ ಪಕ್ಕದಲ್ಲಿ ಕೂತು, 'ಅಲ್ಲಲ್ಲ, ಆ ಮೂಲೆ ತಪ್ಪಿತು' ಎನ್ನುತ್ತಿರುತ್ತದೆ.

ಇತ್ತ ಡ್ರಾಯಿಂಗ್ ಮೇಷ್ಟ್ರು ಮಾರ್ಚಿಯಲ್ಲಿ ರಿಟೈರ್. ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೋ, ಇಲ್ಲಾ ಆ ಪೀರಿಯಡ್ಡೂ ಲೆಕ್ಕದ ಹೋಂವರ್ಕಿಗೆ ಹೋಗುತ್ತದೋ ಹೇಳುವವರಿಲ್ಲ. ಬಣ್ಣ ಕೊಡಿ ಎಂದು ಈ ಮಕ್ಕಳು ಕೇಳುತ್ತಿಲ್ಲ. ಅದನ್ನು ಅವರೇ ಮಾಡಿಕೊಂಡಿದ್ದಾರೆ. ಅವರಿಗೆ ಬೇಕಾದದ್ದು ಒಬ್ಬ ಮೇಷ್ಟ್ರು. ಸಂಬಂಧಪಟ್ಟವರು ಇತ್ತ ಒಮ್ಮೆ ಕಣ್ಣು ಹಾಯಿಸುವರೇ?