ಬಾಲ್ ಸ್ಕ್ರೂ: ಅದರ ರಕ್ಷಣೆ ಮತ್ತು ದುರಸ್ತಿ

ಸುತ್ತುವ ಚಲನೆಯನ್ನು ನೇರ ಚಲನೆಯನ್ನಾಗಿ ಮಾರ್ಪಡಿಸುವ ಸಾಧನಗಳಲ್ಲಿ ತಿರುಪು ಬಹು ಪ್ರಾಚೀನವಾದುದು. ತಿರುಗಿಸುವ ಕ್ರಿಯೆಯಿಂದಲೇ ಅದಕ್ಕೆ ಆ ಹೆಸರು ಬಂದಿದೆ. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಅಂಕೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವು ಪ್ರದರ್ಶಿತವಾಯಿತು. ಅದೇ ಪರಂಪರೆಗೆ ಸೇರಿದ ಸಿ.ಎನ್.ಸಿ. ರೌಟರ್ ಇಂದು ಬಾಗಿಲಿನ ಹಲಗೆಯ ಮೇಲೆ ಹೂಬಳ್ಳಿಗಳನ್ನು ಕೊರೆಯುತ್ತಿದೆ. ಆಜ್ಞೆ ಎಷ್ಟೇ ನಿಷ್ಕೃಷ್ಟವಾಗಿದ್ದರೂ ಅದನ್ನು ಉಳಿಗೆ ಮುಟ್ಟಿಸುವ ತಿರುಪು ನೆಟ್ಟಗಿಲ್ಲದಿದ್ದರೆ ವೃತ್ತವು ಅಂಡಾಕಾರವಾಗುತ್ತದೆ, ಎರಡು ಗೆರೆಗಳು ಕೂಡಬೇಕಾದೆಡೆ ಮೆಟ್ಟಿಲು ಬೀಳುತ್ತದೆ.

ಸಾಮಾನ್ಯ ತಿರುಪಿನಲ್ಲಿ ದಂಡದ ಎಳೆಗಳೂ ನಟ್ಟಿನ ಎಳೆಗಳೂ ಒಂದನ್ನೊಂದು ಉಜ್ಜುತ್ತ ಸರಿಯುತ್ತವೆ. ಶಕ್ತಿಯ ಬಹುಭಾಗ ಘರ್ಷಣೆಯಲ್ಲಿಯೇ ವ್ಯಯವಾಗುತ್ತದೆ. ಬಾಲ್ ಸ್ಕ್ರೂವಿನಲ್ಲಾದರೋ ಇವೆರಡರ ನಡುವೆ ಉಕ್ಕಿನ ಸಣ್ಣ ಗುಂಡುಗಳು ಉರುಳುತ್ತವೆ. ಸಾಲಿನ ತುದಿಗೆ ಬಂದ ಗುಂಡು ನಟ್ಟಿನೊಳಗಿನ ಮರುದಾರಿಯಿಂದ ಹಿಂದಿರುಗಿ ಮತ್ತೆ ಸಾಲನ್ನು ಸೇರುತ್ತದೆ. ಹೀಗಾಗಿ ದಂಡಕ್ಕೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಸುಮಾರು 90 ಪಾಲು ಕೆಲಸಕ್ಕೆ ಒದಗುತ್ತದೆ.

ಈ ಗುಣದಲ್ಲಿಯೇ ಒಂದು ಅಪಾಯವೂ ಅಡಗಿದೆ. ಘರ್ಷಣೆ ಅತ್ಯಲ್ಪವಾದುದರಿಂದ ಈ ತಿರುಪು ತಾನಾಗಿ ಬಿಗಿದು ನಿಲ್ಲುವುದಿಲ್ಲ. ಮೇಲಕ್ಕೂ ಕೆಳಕ್ಕೂ ಚಲಿಸುವ ಸ್ಪಿಂಡಲಿನ ಮೋಟಾರನ್ನೋ ಕಪ್ಲಿಂಗನ್ನೋ ಬಿಚ್ಚಿದೊಡನೆ ಆ ಭಾರವೆಲ್ಲ ಸರ್ರನೆ ಕೆಳಗಿಳಿದು ಕೈಬೆರಳುಗಳನ್ನು ಜಜ್ಜಬಲ್ಲದು. ಆದಕಾರಣ ಅದರಡಿಗೆ ಗಟ್ಟಿಯಾದ ಮರದ ದಿಮ್ಮಿಯನ್ನು ಕೊಟ್ಟು, ವಿದ್ಯುತ್ತನ್ನು ಕಡಿದ ಮೇಲೆಯೇ ಬಿಚ್ಚತಕ್ಕದ್ದು.

ರೌಟರಿನ ಬಾಲ್ ಸ್ಕ್ರೂವಿಗೆ ಪರಮ ಶತ್ರುಗಳು ಎರಡು: ಧೂಳು ಮತ್ತು ಒಣಗುವಿಕೆ. ಮರದ ನುಣುಪಾದ ಹುಡಿ ಎಣ್ಣೆಯನ್ನು ಹೀರಿ ಕೆಸರಿನಂತಾಗುತ್ತದೆ. ಅದು ನಟ್ಟಿನೊಳಗೆ ಸೇರಿದರೆ ಗುಂಡುಗಳು ಉರುಳುವ ಬದಲು ಜಾರತೊಡಗುತ್ತವೆ. ಕ್ರಮೇಣ ಗಡುಸು ಮಾಡಿದ ಉಕ್ಕಿನ ಮೈ ಹೊಪ್ಪಳಿಕೆಯಂತೆ ಏಳುತ್ತದೆ. ಹಾಗೆದ್ದ ಮೈಯನ್ನು ಯಾವ ಗ್ರೀಸೂ ಮತ್ತೆ ಕೂಡಿಸಲಾರದು. ಆದುದರಿಂದ ಯಂತ್ರವನ್ನು ನಿಲ್ಲಿಸಿ, ಎಳೆ ಬಿಡದ ಬಟ್ಟೆಯಿಂದ ದಂಡವನ್ನು ಒರೆಸಬೇಕು. ನಟ್ಟಿನ ತುದಿಯ ವೈಪರ್ ಸವೆದಿದ್ದರೆ ಬದಲಿಸಬೇಕು. ತಯಾರಕರು ಹೇಳಿದ ಗ್ರೀಸನ್ನು ಹೇಳಿದ ಅವಧಿಗೆ ತುಂಬಬೇಕು. ಗ್ರಾಫೈಟ್ ಬೆರೆತ ಗ್ರೀಸು ಸಾಮಾನ್ಯವಾಗಿ ಇಲ್ಲಿ ಸಲ್ಲದು. ಗಾಳಿಯ ಪೈಪನ್ನು ನಟ್ಟಿನತ್ತ ಹಿಡಿಯಕೂಡದು. ಅದು ಧೂಳನ್ನು ಹೊರಗೆಡಹುವುದಕ್ಕಿಂತ ಒಳಕ್ಕೆ ನೂಕುವುದೇ ಹೆಚ್ಚು.

ಕೆಲಸದಲ್ಲಿ ತಪ್ಪು ಕಂಡೊಡನೆ ಸ್ಕ್ರೂವೇ ಸವೆದಿದೆಯೆಂದು ತೀರ್ಮಾನಿಸಿ ಹೊಸದಕ್ಕೆ ಹಣ ತೆರುವುದುಂಟು. ಹೊಸದನ್ನು ಕೂಡಿಸಿದ ಮೇಲೆಯೂ ದೋಷ ಹಾಗೆಯೇ ಉಳಿದರೆ ಸಣ್ಣ ಕಾರ್ಖಾನೆಗೆ ಅದು ದುಬಾರಿಯ ಪಾಠವಾಗುತ್ತದೆ. ಆದಕಾರಣ ಬಿಚ್ಚುವ ಮೊದಲು ಅಳೆಯಬೇಕು. 0.01 ಮಿ.ಮೀ. ತೋರುವ ಡಯಲ್ ಗೇಜನ್ನು ಯಂತ್ರದ ಹಾಸಿಗೆ ನಿಲ್ಲಿಸಿ, ಅದರ ಮೊನೆಯನ್ನು ಚಲಿಸುವ ಭಾಗಕ್ಕೆ ತಾಗಿಸಿ, ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಬೇಕು. ಬಳಿಕ 0.10 ಮಿ.ಮೀ. ಹಿಂದಕ್ಕೆ ನಡೆಯೆಂದು ಆಜ್ಞೆ ಕೊಟ್ಟಾಗ ಗೇಜು 0.06 ಮಾತ್ರ ತೋರಿಸಿದರೆ, ಉಳಿದ 0.04 ಕಾರ್ಖಾನೆಯವರು ಪ್ಲೇ ಎನ್ನುವ ಸಡಿಲ.

ಆ ಸಡಿಲ ಎಲ್ಲಿಯದು? ಗೇಜನ್ನು ದಂಡದ ತುದಿಗೆ ತಾಗಿಸಿ ಹಿಂದೆ ಮುಂದೆ ನಡೆಸಿದಾಗ ದಂಡವೇ ಉದ್ದಕ್ಕೆ ಅಲುಗಿದರೆ ದೋಷ ತುದಿಯ ಬೇರಿಂಗಿನದು ಅಥವಾ ಅದನ್ನು ಬಿಗಿದ ಲಾಕ್‌ನಟ್ಟಿನದು. ಅನಂತರ ಕಪ್ಲಿಂಗನ್ನೂ ನಟ್ಟನ್ನು ಹಿಡಿದ ಬೋಲ್ಟುಗಳನ್ನೂ ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದ ಪಕ್ಷದಲ್ಲಿ ಮಾತ್ರ ಬಾಲ್ ಸ್ಕ್ರೂವನ್ನು ಶಂಕಿಸುವುದು ನ್ಯಾಯ. ಅಳತೆಯನ್ನು ನಡುವಿನಲ್ಲಿಯೂ ಎರಡು ತುದಿಗಳಲ್ಲಿಯೂ ತೆಗೆಯುವುದು ಲೇಸು. ಏಕೆಂದರೆ ಹೆಚ್ಚು ಓಡಾಡಿದ ಭಾಗವೇ ಹೆಚ್ಚು ಸವೆದಿರುತ್ತದೆ. ಸಡಿಲದ ಲೆಕ್ಕವನ್ನು ಕಂಪ್ಯೂಟರಿಗೆ ತಿಳಿಸಿ ಸರಿದೂಗಿಸಬಹುದಾದರೂ, ಒಂದೇ ಅಂಕೆ ಎಲ್ಲ ಕಡೆಗೂ ಹೊಂದುವುದಿಲ್ಲ. ಅದು ರೋಗವನ್ನು ಮರೆಮಾಡುವುದೇ ಹೊರತು ವಾಸಿಮಾಡುವುದಿಲ್ಲ.

ನಟ್ಟನ್ನು ದಂಡದಿಂದ ಬರಿಗೈಯಲ್ಲಿ ಹೊರತಿರುಗಿಸಿದರೆ ಗುಂಡುಗಳು ಚೆಲ್ಲಿಹೋಗುತ್ತವೆ. ಎಳೆಯ ತಳದ ವ್ಯಾಸಕ್ಕಿಂತ ತುಸು ಕಿರಿದಾದ ಕೊಳವೆಯನ್ನು ದಂಡದ ತುದಿಗೆ ಒತ್ತಿ ಹಿಡಿದು, ನಟ್ಟನ್ನು ಅದರ ಮೇಲಕ್ಕೆ ಸರಿಸಬೇಕು. ದಂಡದ ಜಾಡು ನುಣುಪಾಗಿದ್ದು ಸಡಿಲ ಮಾತ್ರ ಇದ್ದರೆ, ಮೊದಲಿನವುಗಳಿಗಿಂತ ಕೆಲವೇ ಮೈಕ್ರಾನ್ ಹೆಚ್ಚು ದಪ್ಪನೆಯ ಗುಂಡುಗಳನ್ನು ತುಂಬಿ ಬಿಗಿತವನ್ನು ಮರಳಿ ಪಡೆಯಬಹುದು. ಆಗ ಗುಂಡುಗಳನ್ನು ಒಟ್ಟಾಗಿಯೇ ಬದಲಿಸಬೇಕು. ಹಳೆಯವುಗಳ ನಡುವೆ ಹೊಸವನ್ನು ಬೆರೆಸಿದರೆ ದೊಡ್ಡವೇ ಹೊರೆಯನ್ನೆಲ್ಲ ಹೊತ್ತು ಬೇಗ ಕೆಡುತ್ತವೆ. ಜಾಡಿನಲ್ಲಿ ಗುಳಿ ಬಿದ್ದಿದ್ದರೆ ಪರಿಣತರಲ್ಲಿ ಮರುಸಾಣೆ ಮಾಡಿಸಬೇಕು, ಇಲ್ಲವೆ ಹೊಸ ಜೋಡಿಯನ್ನು ಹಾಕಬೇಕು.

ಕೂಡಿಸುವಾಗ ದಂಡವು ಹಳಿಗಳಿಗೆ ಸಮಾನಾಂತರವಾಗಿರುವುದು ಅತ್ಯಗತ್ಯ. ಓರೆಯಾದರೆ ಹೊಸ ಸ್ಕ್ರೂವೂ ಬಹುಕಾಲ ಬಾಳದು. ಮೊದಲು ನಿಧಾನವಾಗಿ ತುದಿಯಿಂದ ತುದಿಗೆ ಓಡಿಸಿ, ಮೊದಲಿನ ಸ್ಥಳಗಳಲ್ಲಿಯೇ ಪುನಃ ಅಳೆದು, ಎರಡು ಅಳತೆಗಳನ್ನೂ ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಸಲ ದೋಷ ತಲೆದೋರಿದಾಗ ಊಹೆಗೆ ಎಡೆಗೊಡದೆ ದಾರಿ ತೋರುವುದು ಆ ಬರಹವೇ. ಯಂತ್ರವಿದ್ಯೆಯತ್ತ ಹೆಜ್ಜೆಯಿಡುವ ವಿದ್ಯಾರ್ಥಿಗಳು ಪಾನವನ್ನು ಹಿಡಿಯುವುದಕ್ಕೆ ಮೊದಲು ಈ ಅಳೆಯುವ ತಾಳ್ಮೆಯನ್ನು ಅಭ್ಯಾಸ ಮಾಡಿಕೊಳ್ಳುವುದು ಶ್ರೇಯಸ್ಕರ.