ಕೀಟನಾಶಕಗಳ ಸಾಗಣೆಯಲ್ಲಿ ವಹಿಸತಕ್ಕ ಎಚ್ಚರಿಕೆ

ಕೀಟನಾಶಕಗಳನ್ನು ಪೈರಿಗೆ ಸಿಂಪಡಿಸುವಾಗ ಅನುಸರಿಸತಕ್ಕ ಕ್ರಮಗಳನ್ನು ರೈತರು ಬಹುಮಟ್ಟಿಗೆ ಬಲ್ಲರು. ಆದರೆ ಈ ಔಷಧಿಯು ಕಾರ್ಖಾನೆಯನ್ನು ಬಿಟ್ಟು ಹೊಲವನ್ನು ಸೇರುವುದರೊಳಗಾಗಿ ಹಡಗು, ರೈಲು, ಲಾರಿ ಮುಂತಾದ ಹಲವು ವಾಹನಗಳನ್ನು ಏರಿ ಇಳಿಯುವುದುಂಟು. ಆ ದಾರಿಯಲ್ಲಿ ಒದಗುವ ಅಪಾಯವೂ ಅಲ್ಪವಾದುದಲ್ಲ. ಸಿಂಪಡಿಸುವವನಿಗೆ ತನ್ನ ಕೈಯಲ್ಲಿರುವುದು ವಿಷವೆಂಬುದು ಗೊತ್ತು. ವಿಷ ಸೋಂಕಿದ ಹಿಟ್ಟನ್ನು ಉಣ್ಣುವವನಿಗೆ ಅದು ಗೊತ್ತಿರುವುದಿಲ್ಲ.

ಹಿಂದಿನ ಅನುಭವ

1958ನೆಯ ಇಸವಿಯಲ್ಲಿ ಕೇರಳದಲ್ಲಿ ಗೋಧಿಹಿಟ್ಟಿನ ತಿಂಡಿಗಳನ್ನು ತಿಂದ ನೂರಕ್ಕೂ ಮೇಲ್ಪಟ್ಟು ಜನರು ಮೃತರಾದರು. ಪರದೇಶದಿಂದ ಬಂದ ಹಿಟ್ಟಿನ ಮೂಟೆಗಳಿಗೆ, ಹಡಗಿನಲ್ಲಿ ಅವುಗಳ ಜೊತೆಯಲ್ಲಿಯೇ ಬಂದ ಪ್ಯಾರಾಥಿಯಾನ್ ಎಂಬ ಕೀಟನಾಶಕವು ತಗುಲಿದ್ದುದೇ ಇದಕ್ಕೆ ಕಾರಣ. ವಿಚಾರಣೆಗಾಗಿ ಭಾರತ ಸರ್ಕಾರವು ನ್ಯಾಯಮೂರ್ತಿ ಜೆ. ಸಿ. ಷಾ ಅವರ ಆಯೋಗವನ್ನು ನೇಮಿಸಿತು.

1967ರಲ್ಲಿ ಕತಾರ್ ಮತ್ತು ಸೌದಿ ಅರೇಬಿಯಗಳಲ್ಲಿ, ಹಡಗಿನಲ್ಲಿ ಎಂಡ್ರಿನ್ ವಿಷವು ಸೋರಿ ಹಿಟ್ಟಿಗೆ ಸೇರಿದುದರಿಂದ ನೂರಾರು ಮಂದಿ ಆಸ್ಪತ್ರೆ ಸೇರಿ, 26 ಮಂದಿ ಮಡಿದರು. ಅದೇ ವರ್ಷ ನವೆಂಬರಿನಲ್ಲಿ ಕೊಲಂಬಿಯ ದೇಶದ ಚಿಕಿಂಕಿರಾ ಪಟ್ಟಣದಲ್ಲಿ, ಲಾರಿಯೊಂದರಲ್ಲಿ ಹಿಟ್ಟಿನ ಜೊತೆಗೆ ಬಂದ ಪ್ಯಾರಾಥಿಯಾನ್ ಚೆಲ್ಲಿ, ಆ ಹಿಟ್ಟಿನ ರೊಟ್ಟಿಯನ್ನು ತಿಂದ ಹಲವಾರು ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಒಲೆಯ ಶಾಖದಿಂದಲೂ ಆ ವಿಷವು ನಾಶವಾಗಲಿಲ್ಲವೆಂಬುದು ಗಮನಾರ್ಹ.

ವಿಷವು ಹರಡುವ ಬಗೆ

ಗೋಣಿ ಮತ್ತು ಬಟ್ಟೆಯ ಚೀಲಗಳು ದ್ರವವನ್ನು ಹೀರುತ್ತವೆ. ಮೇಲಿನ ಡಬ್ಬಿಯಿಂದ ಸೋರಿದುದು ಕೆಳಗಿನ ಮೂಟೆಗಿಳಿದು, ಕಲೆ ಆರಿದ ಮೇಲೆ ಕಣ್ಣಿಗೆ ಕಾಣದಂತಾಗಬಹುದು. ಪ್ಯಾರಾಥಿಯಾನಿನ ಜಾತಿಯ ವಿಷಗಳು ಬಾಯಿಂದ ಮಾತ್ರವಲ್ಲದೆ ಚರ್ಮದ ಮೂಲಕವೂ ಒಳಸೇರಿ ನರಗಳ ಕಾರ್ಯವನ್ನು ಕೆಡಿಸುತ್ತವೆ. ಹೆಚ್ಚು ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಟದ ತೊಂದರೆ, ಇವು ಮುಖ್ಯ ಲಕ್ಷಣಗಳು. ಇವು ಕಂಡಕೂಡಲೆ ರೋಗಿಯನ್ನು ವೈದ್ಯರ ಬಳಿಗೆ ಒಯ್ಯತಕ್ಕದ್ದು. ಔಷಧಿಯ ಚೀಟಿಯನ್ನು ಅವರಿಗೆ ತೋರಿಸತಕ್ಕದ್ದು.

ಕಾನೂನಿನ ಕಟ್ಟುಪಾಡು

ಕೇರಳದ ದುರಂತದ ತರುವಾಯ 1968ರ ಕೀಟನಾಶಕ ಅಧಿನಿಯಮವೂ 1971ರ ನಿಯಮಗಳೂ ಹುಟ್ಟಿದುವು. ಇವುಗಳ ಪ್ರಕಾರ ಕೀಟನಾಶಕವು ಆಹಾರಪದಾರ್ಥಗಳಿಗಾಗಲಿ ದನಗಳ ಮೇವಿಗಾಗಲಿ ತಗುಲುವಂತೆ ಸಾಗಿಸಲೂ ಕೂಡದು, ಶೇಖರಿಸಲೂ ಕೂಡದು. ಕಟ್ಟು ಒಡೆದು ವಿಷ ಬೆರೆತ ಆಹಾರವನ್ನು ಅಧಿಕಾರಿಗಳು ಪರೀಕ್ಷಿಸುವವರೆಗೆ ಯಾರಿಗೂ ಬಿಟ್ಟುಕೊಡಕೂಡದು. ಸೋರಿದ ವಿಷದಿಂದ ಜನರಿಗೂ ನೆಲಜಲಗಳಿಗೂ ಕೇಡಾಗದಂತೆ ನೋಡಿಕೊಳ್ಳುವ ಹೊಣೆಯು ಸಾಗಿಸುವವರದು ಅಥವಾ ಉಗ್ರಾಣದ ಯಜಮಾನರದು. ರೈಲಿನಲ್ಲಿ ಕಳುಹಿಸುವ ಕಟ್ಟುಗಳು ರೈಲ್ವೆಯ ರೆಡ್ ಟಾರಿಫ್ ಎಂಬ ನಿಬಂಧನೆಗಳಿಗೆ ಅನುಸಾರವಾಗಿರತಕ್ಕದ್ದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಡಗಾಗಲಿ, ವಿಮಾನವಾಗಲಿ, ರೈಲಾಗಲಿ, ಲಾರಿಯಾಗಲಿ, ವಿಷವಸ್ತುಗಳ ವರ್ಗವು 6.1 ಎಂಬ ಒಂದೇ ಅಂಕಿಯದು. ಆದಕಾರಣ ವಾಹನ ಬದಲಾದರೂ ಗುರುತು ಬದಲಾಗುವುದಿಲ್ಲ.

ಅನುಸರಿಸತಕ್ಕ ಕ್ರಮಗಳು

1. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಮೊದಲು ನೋಡಬೇಕು. ಕೆಂಪು ಅತ್ಯಂತ ಉಗ್ರವಾದ ವಿಷವನ್ನು ಸೂಚಿಸುತ್ತದೆ; ಅನಂತರ ಹಳದಿ, ನೀಲಿ, ಹಸಿರು ಬಣ್ಣಗಳು ಕ್ರಮವಾಗಿ ಇಳಿದ ಉಗ್ರತೆಯನ್ನು ತೋರಿಸುತ್ತವೆ.

2. ದವಸ, ಹಿಟ್ಟು, ಸಕ್ಕರೆ, ತರಕಾರಿ, ಹಿಂಡಿಗಳಿರುವ ವಾಹನದಲ್ಲಿ ಕೀಟನಾಶಕವನ್ನು ಹೇರಲೇಬಾರದು. ಸಂತೆಯಿಂದ ಹಿಂದಿರುಗುವಾಗ ಮನೆಯ ಸಾಮಾನಿನ ಚೀಲದಲ್ಲಿ ಔಷಧಿಯ ಸೀಸೆಯನ್ನಿಡುವುದೂ ಇದೇ ತಪ್ಪು.

3. ಡಬ್ಬಿಗಳ ಮುಚ್ಚಳವನ್ನು ಪರೀಕ್ಷಿಸಿ, ಅವು ನೆಟ್ಟಗೆ ನಿಂತಿರುವಂತೆಯೂ ಅಲುಗಾಡದಂತೆಯೂ ಕಟ್ಟಬೇಕು. ಸೋರುವ ಡಬ್ಬಿಯನ್ನು ವರ್ತಕರಿಂದ ಸ್ವೀಕರಿಸಕೂಡದು.

4. ಚೆಲ್ಲಿದ ದ್ರವವನ್ನು ನೀರಿನಿಂದ ಕೊಚ್ಚಿ ಚರಂಡಿಗೆ ಬಿಡಬಾರದು. ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, ಕೈಚೀಲಗಳನ್ನು ತೊಟ್ಟು, ಒಣಮಣ್ಣನ್ನು ಹರಡಿ ಹೀರಿಸಿ, ಅದನ್ನು ಪ್ರತ್ಯೇಕವಾದ ಡಬ್ಬಿಯಲ್ಲಿ ಭದ್ರಪಡಿಸಿ, ವಿಲೇವಾರಿಯ ಬಗ್ಗೆ ಕೃಷಿ ಅಧಿಕಾರಿಗಳ ಸಲಹೆ ಪಡೆಯಬೇಕು.

5. ವಿಷ ಚೆಲ್ಲಿದ ವಾಹನವನ್ನು ಚೆನ್ನಾಗಿ ಶುದ್ಧಿಮಾಡದೆ ಬೇರೆ ಸರಕಿಗೆ ಉಪಯೋಗಿಸಕೂಡದು.

6. ಕಲೆಯೋ ವಾಸನೆಯೋ ಉಳ್ಳ ಹಿಟ್ಟಿನ ಮೂಟೆಯನ್ನು ನಷ್ಟಕ್ಕೆ ಅಂಜಿ ಮಾರಬಾರದು, ದನಗಳಿಗೂ ಹಾಕಬಾರದು.

ಮೇಲೆ ಹೇಳಿದ ದುರಂತಗಳೆಲ್ಲವೂ ವಿಷವನ್ನೂ ಅನ್ನವನ್ನೂ ಒಂದೇ ಕಡೆ ಹೇರಿದುದರಿಂದ ಒದಗಿದುವು. ಬೇರೊಂದು ವಾಹನದ ಬಾಡಿಗೆಯು ಹೆಚ್ಚಿನ ಖರ್ಚೆಂದು ತೋರಬಹುದು. ಆದರೆ ಅದು ಹೋದ ಪ್ರಾಣಕ್ಕೆ ಸಮನಾದ ಬೆಲೆಯಲ್ಲ.