ಮೊಟ್ಟೆ ನಿಲ್ಲಿಸಿದ ಹೇಂಟೆಯ ಮುಪ್ಪು

ಮುದಿ ಹೇಂಟೆಯನ್ನು ಹತ್ತಿರದಿಂದ ಕಂಡವರು ನಮ್ಮಲ್ಲಿ ಕಡಿಮೆ. ಮೊಟ್ಟೆ ಇಡುವುದು ನಿಂತಿತೆಂದರೆ ಮುಂದಿನ ಹಬ್ಬಕ್ಕೋ, ನೆಂಟರು ಬಂದ ದಿನಕ್ಕೋ ಅದು ಸಾರಾಗುತ್ತದೆ. ಫಾರಂಗಳಲ್ಲಂತೂ ಒಂದೂವರೆ ಎರಡು ವರ್ಷಕ್ಕೆ ಇಡೀ ಹಿಂಡನ್ನೇ ಮಾರಿಬಿಡುತ್ತಾರೆ. ಆದರೆ ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕಿ, ಹೆಸರಿಟ್ಟು ಕರೆದು, ಕೊನೆಗೆ ಕೊಯ್ಯಲು ಮನಸ್ಸಾಗದ ಮನೆಗಳೂ ಇವೆ. ಚೆನ್ನಾಗಿ ನೋಡಿಕೊಂಡರೆ ಕೋಳಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಅಮೆರಿಕದ ಮಿಶಿಗನ್‌ನಲ್ಲಿದ್ದ ಪೀನಟ್ ಎಂಬ ಹೇಂಟೆ 20 ವರ್ಷ ದಾಟಿ 2023ರಲ್ಲಿ ಗಿನ್ನೆಸ್ ದಾಖಲೆ ಸೇರಿತ್ತು. ಇಷ್ಟು ದೀರ್ಘ ಬಾಳು ಸಾಧ್ಯವಿರುವ ಜೀವ ನಾಲ್ಕನೇ ವರ್ಷಕ್ಕೇ ಏಕೆ ಮೂಲೆ ಹಿಡಿದು ಕೂರುತ್ತದೆ? ಬಹುಪಾಲು ಕಾಯಿಲೆಗಳ ಬೇರು ವಯಸ್ಸಿಗಿಂತ ಹೆಚ್ಚಾಗಿ ಅದು ಇಟ್ಟ ಮೊಟ್ಟೆಗಳಲ್ಲಿದೆ. ಆರೈಕೆಯೂ ಅಲ್ಲಿಂದಲೇ ಶುರುವಾಗಬೇಕು.

ಎಲ್ಲ ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟು, ಕಾವಿಗೆ ಕೂತು, ಮರಿ ಮಾಡಿ ಸುಮ್ಮನಾಗುತ್ತದೆ. ನಮ್ಮ ನಾಟಿ ಕೋಳಿ ಅದರ ಹಲವು ಪಟ್ಟು ಇಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿ ನಾಟಿಗಿಂತಲೂ ಮುಂದು. ಮೊಟ್ಟೆಗೆಂದೇ ಬೆಳೆಸಿದ ಫಾರಂ ತಳಿಗಳು ವರ್ಷಕ್ಕೆ 300 ದಾಟುತ್ತವೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 300 ಮೊಟ್ಟೆಗೆ 600 ಗ್ರಾಂ ಆಯಿತು. ಹೇಂಟೆಯ ಇಡೀ ಅಸ್ಥಿಪಂಜರದಲ್ಲಿರುವ ಕ್ಯಾಲ್ಸಿಯಂ ಸುಮಾರು 20 ಗ್ರಾಂ ಮಾತ್ರ. ಅಂದರೆ ವರ್ಷವೊಂದರಲ್ಲಿ ಅದು ತನ್ನ ಮೈಯಲ್ಲಿರುವುದರ ಮೂವತ್ತು ಪಟ್ಟು ಸುಣ್ಣವನ್ನು ಹೊರಗೆ ಕೊಟ್ಟಿರುತ್ತದೆ.

ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಅದರಲ್ಲಿ ಬಹುಪಾಲು ನಡೆಯುವುದು ರಾತ್ರಿ, ಮೇವಿಲ್ಲದ ಹೊತ್ತಿನಲ್ಲಿ. ಅದಕ್ಕಾಗಿ ಹೇಂಟೆಯ ಕಾಲುಮೂಳೆಗಳ ಒಳಗೆ ವಿಶೇಷ ಬಗೆಯ ಮೂಳೆಯೊಂದು ಬೆಳೆಯುತ್ತದೆ. ಕಣಜದಿಂದ ಕಾಳು ತೆಗೆದಂತೆ ದೇಹ ರಾತ್ರಿಯೆಲ್ಲ ಅಲ್ಲಿಂದ ಕ್ಯಾಲ್ಸಿಯಂ ತೆಗೆದು, ಹಗಲು ಮತ್ತೆ ತುಂಬುತ್ತದೆ. ಮೊಟ್ಟೆ ಇಡುವ ಕಾಲ ಎಡೆಬಿಡದೆ ಮುಂದುವರಿದರೆ ಮೈಯ ಭಾರ ಹೊರುವ ಗಟ್ಟಿ ಮೂಳೆಯೇ ಸವೆಯತೊಡಗುತ್ತದೆ. ಹಾಗಾಗಿ ವಯಸ್ಸಾದ ಹೇಂಟೆಗೆ ಎತ್ತರದ ಕೋಲಿನಿಂದ ಹಾರಿ ಇಳಿಯುವುದೂ ಅಪಾಯ. ಎದೆಮೂಳೆ ಬಿರುಕು ಬಿಡಬಹುದು. ಕೂರುವ ಕೋಲನ್ನು ಮೊಣಕಾಲೆತ್ತರಕ್ಕೆ ಇಳಿಸುವುದು, ಕೆಳಗೆ ಹೊಟ್ಟು ಅಥವಾ ಒಣಹುಲ್ಲು ಹರಡುವುದು ಖರ್ಚಿಲ್ಲದ ಮೊದಲ ಉಪಚಾರ.

ಮೇವಿನಲ್ಲಿ ಒಂದು ಸೂಕ್ಷ್ಮವಿದೆ. ಮೊಟ್ಟೆ ಕೋಳಿಗೆಂದು ಅಂಗಡಿಯಲ್ಲಿ ಸಿಗುವ ಲೇಯರ್ ಫೀಡ್‌ನಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಇಡುವ ಕೋಳಿಗೆ ಅದು ಬೇಕೇ ಬೇಕು. ಇಡದ ಕೋಳಿಗೆ ಶೇ. 1ರಷ್ಟು ಸಾಕು. ಹೆಚ್ಚಾದದ್ದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂತ್ರಪಿಂಡ ಸೋಲುತ್ತದೆ, ಯೂರಿಕ್ ಆಮ್ಲ ಕೀಲುಗಳಲ್ಲೂ ಒಳಾಂಗಗಳ ಮೇಲೂ ಬಿಳಿ ಪುಡಿಯಾಗಿ ಕೂರುತ್ತದೆ. ಮೊಟ್ಟೆ ನಿಂತ ಮೇಲೆ ಬೆಳೆಯುವ ಕೋಳಿಗಳ ಮೇವಿಗೆ, ಅಂದರೆ ಗ್ರೋಯರ್ ಫೀಡ್‌ಗೆ ಬದಲಿಸಿ, ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡುವುದು ಒಳ್ಳೆಯದು. ಕ್ಯಾಲ್ಸಿಯಂ ಬೇಕಾದ ಕೋಳಿ ತಾನೇ ಹುಡುಕಿ ತಿನ್ನುತ್ತದೆ. ಈ ಹಸಿವು ಅದಕ್ಕೆ ಹುಟ್ಟಿನಿಂದ ಬಂದದ್ದು.

ಇನ್ನು ಅಂಡಾಶಯದ ವಿಷಯ. ಹೇಂಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಪ್ರತಿ ಸಲ ಅಂಡ ಹೊರಬಂದಾಗಲೂ ಅದರ ಮೇಲ್ಪದರ ಹರಿದು ಮತ್ತೆ ಕೂಡಿಕೊಳ್ಳಬೇಕು. ಹೀಗೆ ಪದೇ ಪದೇ ಆಗುವ ಗಾಯವೇ ಅಂಡಾಶಯದ ಕ್ಯಾನ್ಸರ್‌ಗೆ ದಾರಿಯಾಗಬಹುದೆಂದು ಈಜಿಪ್ಟಿನ ವೈದ್ಯ ಮಹಮೂದ್ ಫತಲ್ಲಾ 1971ರಲ್ಲಿ ಮಹಿಳೆಯರ ಬಗ್ಗೆ ಬರೆಯುತ್ತ ಸೂಚಿಸಿದರು. ಅದನ್ನು ಪರೀಕ್ಷಿಸಲು ವಿಜ್ಞಾನಿಗಳಿಗೆ ಒದಗಿದ್ದು ಮುದಿ ಹೇಂಟೆ. ಇಲಿಗಳಲ್ಲಿ ಈ ಕ್ಯಾನ್ಸರ್ ತಾನಾಗಿ ಬರುವುದು ಅಪರೂಪ, ಎರಡು ವರ್ಷ ದಾಟಿದ ಮೊಟ್ಟೆ ತಳಿಯ ಹೇಂಟೆಗಳಲ್ಲಿ ಸಾಮಾನ್ಯ. ಅಂಡ ಬಿಡುಗಡೆಯಾಗದಂಥ ಜನ್ಮದೋಷವಿರುವ ಹೇಂಟೆಗಳಲ್ಲಿ ಅದು ತೀರಾ ಕಡಿಮೆ ಎಂದೂ ಕಂಡುಬಂತು. ಕೋಳಿಯ ಮುಪ್ಪನ್ನು ಗಂಭೀರವಾಗಿ ನೋಡಿದವರಲ್ಲಿ ಮನುಷ್ಯರ ಕ್ಯಾನ್ಸರ್ ಅರಿಯಲು ಹೊರಟವರೇ ಮುಂದಿದ್ದರು. ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಇಂಥ ಪ್ರಯೋಗಗಳಲ್ಲಿ, ಮೇವಿಗೆ ಅಗಸೆ ಬೀಜ ಬೆರೆಸಿ ವರ್ಷಗಟ್ಟಲೆ ತಿನ್ನಿಸಿದ ಹೇಂಟೆಗಳಲ್ಲಿ ರೋಗದ ತೀವ್ರತೆ ತಗ್ಗಿತ್ತು. ನಮ್ಮ ಉತ್ತರ ಕರ್ನಾಟಕದ ಚಟ್ನಿಪುಡಿಯ ಅಗಸೆಯೇ ಅದು. ಆದರೆ ಗಡ್ಡೆ ಬೆಳೆದಾಗಿದ್ದರೆ ಅದನ್ನು ಕರಗಿಸುವ ಮದ್ದೆಂದು ತಿಳಿಯಬಾರದು.

ಕ್ಯಾನ್ಸರ್ ಒಂದೇ ಅಲ್ಲ. ಅಂಡಾಶಯ ಬಿಟ್ಟ ಹಳದಿ ಕೆಲವೊಮ್ಮೆ ಅಂಡನಾಳದ ಬಾಯಿಗೆ ಸಿಗದೆ ಹೊಟ್ಟೆಯೊಳಗೆ ಜಾರಿಬಿಡುತ್ತದೆ. ಅಲ್ಲಿಗೆ ಇ. ಕೋಲಿ ಬ್ಯಾಕ್ಟೀರಿಯಾ ಸೇರಿದರೆ ಕೀವು, ನೀರು, ಊತ. ಹೊಟ್ಟೆ ಭಾರವಾಗಿ ಹೇಂಟೆ ಕಾಲಗಲಿಸಿ, ಮೈ ನೆಟ್ಟಗೆ ಎತ್ತಿ ನಡೆಯುತ್ತದೆ. ಹೊರನೋಟಕ್ಕೆ ‘ಕೊಬ್ಬಿದೆ’ ಎನಿಸುವ ಈ ಕೋಳಿಯ ಎದೆ ಮುಟ್ಟಿದರೆ ಮೂಳೆ ಚಾಕುವಿನ ಅಲಗಾಗಿರುತ್ತದೆ. ಹೊಟ್ಟೆಯ ನೀರನ್ನು ಪಶುವೈದ್ಯರು ಸೂಜಿಯಿಂದ ತೆಗೆದರೆ ಉಸಿರಾಟ ಸ್ವಲ್ಪ ಕಾಲ ಸಲೀಸಾಗುತ್ತದೆ. ಮೂಲ ಕಾರಣ ಹೋಗುವುದಿಲ್ಲ.

ಆದ್ದರಿಂದಲೇ ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಮುಖ್ಯ. ಬೇಟೆಗೆ ಗುರಿಯಾಗುವ ಎಲ್ಲ ಪ್ರಾಣಿಗಳಂತೆ ಕೋಳಿಯೂ ನೋವನ್ನು ಬಚ್ಚಿಡುತ್ತದೆ; ಜುಟ್ಟು ಬಾಡಿ, ಗರಿ ಉಬ್ಬಿಸಿ ನಿಂತಿತೆಂದರೆ ಕಾಯಿಲೆ ಆಗಲೇ ಬಹಳ ಮುಂದುವರಿದಿರುತ್ತದೆ. ವಾರಕ್ಕೊಮ್ಮೆ ಕತ್ತಲಾದ ಮೇಲೆ ಗೂಡಿನಿಂದ ಎತ್ತಿಕೊಂಡರೆ ಅದು ಗಾಬರಿಯಾಗುವುದಿಲ್ಲ. ಎದೆಯ ಇಕ್ಕೆಲದ ಮಾಂಸ ಇಳಿದಿದೆಯೇ, ಹೊಟ್ಟೆ ಗಟ್ಟಿಯಾಗಿದೆಯೇ, ಗುದದ ಸುತ್ತಲಿನ ಗರಿಗಳ ಬುಡದಲ್ಲಿ ಹೇನಿದೆಯೇ, ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿದೆಯೇ ನೋಡಿ. ಕುತ್ತಿಗೆಯ ಬುಡದ ಮೇವಿನ ಚೀಲ ಬೆಳಗಿನ ಹೊತ್ತಿಗೆ ಖಾಲಿಯಾಗಿರಬೇಕು. ತುಂಬಿಯೇ ಇದ್ದರೆ ತಿಂದದ್ದು ಕೆಳಗಿಳಿಯುತ್ತಿಲ್ಲ. ಒಂದಲ್ಲ, ಹಲವು ಕೋಳಿಗಳು ಒಟ್ಟಿಗೆ ತೂಕಡಿಸತೊಡಗಿದರೆ ಮುಪ್ಪಿನ ಮಾತು ಬಿಟ್ಟು ಕೊಕ್ಕರೆ ರೋಗದಂಥ ಅಂಟುಜಾಡ್ಯವನ್ನು ಶಂಕಿಸಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಹಿಂಡಿನೊಳಗಿನ ಕಷ್ಟ ಬೇರೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕಟ್ಟುನಿಟ್ಟಿನ ಶ್ರೇಣಿಯಿದೆ ಎಂದು ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ ನೂರು ವರ್ಷಗಳ ಹಿಂದೆಯೇ ತೋರಿಸಿದ್ದರು. ಬಲಗುಂದಿದ ಹೇಂಟೆ ಈ ಶ್ರೇಣಿಯಲ್ಲಿ ಕೆಳಕ್ಕೆ ಜಾರುತ್ತದೆ, ಮೇವಿನ ಬಳಿ ಬಂದರೆ ಏಟು ತಿನ್ನುತ್ತದೆ. ಹಾಗೆಂದು ಅದನ್ನು ಒಂಟಿಯಾಗಿ ಒಳಕೋಣೆಯಲ್ಲಿ ಕೂಡಿಹಾಕಿದರೆ ಮರಳಿದಾಗ ಹೊಸಬಳೆಂಬಂತೆ ಮತ್ತೆ ಹೊಡೆಯುತ್ತವೆ. ಉಳಿದವು ಕಾಣುವಂತೆ ನಡುವೆ ಜಾಲರಿ ಹಾಕಿ, ಅದಕ್ಕೆ ಬೇರೆ ನೀರು, ಬೇರೆ ಮೇವು ಇಡುವುದು ನನಗೆ ಸರಿಯೆನಿಸುವ ದಾರಿ. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಡಕಲಾದ ದೇಹಕ್ಕೆ ಅಷ್ಟನ್ನು ಕಾಯ್ದುಕೊಳ್ಳುವುದೇ ದುಬಾರಿ. ಮಳೆಗಾಲದಲ್ಲೂ ಚಳಿಯಲ್ಲೂ ಗೂಡಿನ ಒಂದು ಬದಿಗೆ ಮಾತ್ರ ಬಲ್ಬು ಹಾಕಿ, ಸೆಕೆಯಾದರೆ ಸರಿದು ಕೂರಲು ಜಾಗ ಬಿಡಬೇಕು. ನೆನೆಸಿದ ನುಚ್ಚು, ಬೇಯಿಸಿದ ಮೊಟ್ಟೆಯನ್ನು ಅದು ಸಲೀಸಾಗಿ ತಿನ್ನುತ್ತದೆ.

ಬಾಯಿ ಅಗಲಿಸಿ ಮದ್ದು ಹೊಯ್ಯುವ ರೂಢಿಯನ್ನು ಮಾತ್ರ ಬಿಡಬೇಕು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದುಕೊಂಡಿರುತ್ತದೆ. ಚಮಚದಲ್ಲಿ ಹೊಯ್ದ ನೀರು ನೇರವಾಗಿ ಅಲ್ಲಿಗಿಳಿದು ಪ್ರಾಣ ತೆಗೆಯಬಹುದು. ಕೊಕ್ಕಿನ ಅಂಚಿಗೆ ಹನಿ ಸೋಕಿಸಿ, ತಾನೇ ನುಂಗಲು ಬಿಡಿ. ಮನೆಯಲ್ಲಿ ಉಳಿದ ನೋವಿನ ಮಾತ್ರೆ, ಆಂಟಿಬಯಾಟಿಕ್‌ಗಳನ್ನು ಅಂದಾಜಿನಲ್ಲಿ ಕೊಡಬೇಡಿ.

ಅಪರೂಪಕ್ಕೆ ಮುದಿ ಹೇಂಟೆಯೊಂದು ಹುಂಜದಂತೆ ಕೂಗತೊಡಗುತ್ತದೆ, ಬಾಲದ ಗರಿಗಳು ಉದ್ದವಾಗಿ ಬಾಗುತ್ತವೆ. ಹೇಂಟೆ ಕೂಗಿದರೆ ಮನೆಗೆ ಕೇಡೆಂದು ಅದನ್ನು ಕೊಯ್ಯುವವರಿದ್ದಾರೆ. 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊಟ್ಟೆ ಇಟ್ಟ ‘ಹುಂಜ’ವನ್ನು ವಿಚಾರಣೆ ನಡೆಸಿ ಸುಟ್ಟರು, ಅದು ಇಂಥದೇ ಹೇಂಟೆಯಾಗಿದ್ದಿರಬಹುದು. ಕಾರಣ ಸರಳ: ಎಡ ಅಂಡಾಶಯ ರೋಗದಿಂದ ಹಾಳಾದರೆ ಈಸ್ಟ್ರೊಜೆನ್ ಇಳಿಯುತ್ತದೆ. ಹೆಣ್ಣಿನ ಗರಿಯನ್ನು ಕಾಪಾಡುತ್ತಿದ್ದುದು ಅದೇ. ಬಲಗಡೆ ಬೆಳೆಯದೆ ಉಳಿದಿದ್ದ ಅಂಗವು ಆಗ ವೃಷಣದಂತೆ ಬೆಳೆದು ಗಂಡು ಹಾರ್ಮೋನು ಸುರಿಸಬಹುದು. ಆ ಕೂಗು ಕಾಯಿಲೆಯ ಸುದ್ದಿ. ಅದನ್ನು ಕೇಳಿದವರು ಹೊಟ್ಟೆ ಮುಟ್ಟಿ ನೋಡಿ, ಪಶುವೈದ್ಯರಿಗೆ ತೋರಿಸಬೇಕು.

ಮೇವು ಬಿಟ್ಟು, ಎದ್ದು ನಿಲ್ಲಲಾಗದೆ, ಕತ್ತು ಚಾಚಿ ಬಾಯಲ್ಲಿ ಉಸಿರಾಡುವ ಹೇಂಟೆಯನ್ನು ಮತ್ತೆರಡು ದಿನ ಉಳಿಸಿಕೊಳ್ಳುವುದು ಅದರ ಮೇಲಿನ ಪ್ರೀತಿಯೆಂದು ನಾನು ಒಪ್ಪಲಾರೆ. ನೋವಿಲ್ಲದ ಸಾವು ಕೊಡುವ ವಿಧಾನ ಪಶುವೈದ್ಯರಿಗೆ ಗೊತ್ತಿದೆ, ಕೇಳಲು ಸಂಕೋಚ ಬೇಡ. ಮದ್ದು ಪಡೆದ, ರೋಗದಿಂದ ಸತ್ತ ಕೋಳಿ ಅಡುಗೆಗೆ ಸಲ್ಲದು, ನಾಯಿಗೂ ಹಾಕಬಾರದು. ಹೂಳುವ ಮುನ್ನ ಸಾಧ್ಯವಾದರೆ ಶವಪರೀಕ್ಷೆ ಮಾಡಿಸಿ; ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಕಡೆ ಅದಕ್ಕೆ ವ್ಯವಸ್ಥೆಯಿದೆ. ಅಂಡಾಶಯದ ಗಡ್ಡೆ ಕಂಡರೆ ಉಳಿದ ಕೋಳಿಗಳಿಗೆ ಅಂಟುವ ಭಯ ಸಾಮಾನ್ಯವಾಗಿ ಇರುವುದಿಲ್ಲ. ಮೂತ್ರಪಿಂಡದ ಮೇಲೆ ಬಿಳಿ ಪುಡಿ ಕಂಡರೆ ಆವತ್ತೇ ಮೇವಿನ ಚೀಲದ ಮೇಲಿನ ಚೀಟಿ ಓದಿ, ಕ್ಯಾಲ್ಸಿಯಂ ಎಷ್ಟಿದೆ ನೋಡಬೇಕು.